ಕೊಲ್ಲಾಪುರಮ್ಮನ ಒನ್ಸ್ ಮೋರ್

ಕೊಲ್ಲಾಪುರಮ್ಮನ ವಿಷಯ ಬರೆಯಲು ನನಗಿಂತ ಅರ್ಹರು ಯಾರೂ ಇಲ್ಲ. ಮೂವತ್ತು ವರ್ಷ ಅವಳ ಜೊತೆ ಜಗಳವಾಡಿಯೂ ಉಳಿದುಕೊಂಡವನು ನಾನೊಬ್ಬನೇ. ಮಿಕ್ಕವರೆಲ್ಲ ಒಂದೆರಡು ಸೀಸನ್ನಿಗೆ ಸುಸ್ತಾಗಿ ಎದ್ದುಹೋದರು.

ನಾನು ಲಕ್ಷ್ಮೀನರಸಿಂಹಯ್ಯ, ಗುಬ್ಬಿಯವನು. ಪ್ರೈಮರಿ ಶಾಲೆಯ ಕೆಲಸದಿಂದ ರಿಟೈರ್ ಆಗಿ ಹನ್ನೊಂದು ವರ್ಷವಾಯಿತು. ನಾಟಕದ ಮೇಷ್ಟ್ರ ಕೆಲಸಕ್ಕೆ ರಿಟೈರ್‌ಮೆಂಟ್ ಇಲ್ಲ. ನಮ್ಮ ಕಡೆ ಪೌರಾಣಿಕ ನಾಟಕ ಆಡುವವರು ಊರ ಜನವೇ: ರೈತರು, ಕಂಡಕ್ಟರುಗಳು, ಕಾರ್ಖಾನೆಯವರು. ಆರೆಂಟು ತಿಂಗಳು ಅವರನ್ನು ಹಾರ್ಮೋನಿಯಂ ಮುಂದೆ ಕೂರಿಸಿಕೊಂಡು ಮಾತು, ಹಾಡು ಕಲಿಸುವವನು ನಾನು. ಹೆಣ್ಣು ಪಾತ್ರಕ್ಕೆ ಮಾತ್ರ ಹೊರಗಿನಿಂದ ಕಲಾವಿದೆಯರನ್ನು ಕರೆಸುತ್ತಾರೆ. ಅವರು ನಾಟಕದ ದಿನ ಬಂದು, ಬಣ್ಣ ಹಚ್ಚಿಕೊಂಡು, ಹಾಡಿ ಹೋಗುತ್ತಾರೆ. ಕೊಲ್ಲಾಪುರಮ್ಮ ಹಾಗೆ ಬಂದವಳು.

ಅವಳ ಊರು ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಕಡೆ, ಡ್ಯಾಮಿನ ಕೆಳಗಿನ ನಾಲೆ ಪಕ್ಕ. ತಾಯಿ ದೊಡ್ಡಗಂಗಮ್ಮ ಬತ್ತದ ನಾಟಿಗೆ ಹೋಗುತ್ತಿದ್ದಳು. ಗದ್ದೆಯಲ್ಲಿ ಒಬ್ಬಳು ಸೊಲ್ಲು ಹೇಳಿಕೊಡಬೇಕು, ಉಳಿದವರು ಅದನ್ನೇ ಹಿಡಿದು ಹಾಡಬೇಕು. ಅವರು ಹಾಡಿ ಮುಗಿಸುವಷ್ಟರಲ್ಲಿ ಮುಂದಿನ ಸೊಲ್ಲು ಹೇಳುವವಳ ಬಾಯಲ್ಲಿ ಸಿದ್ಧವಾಗಿರಬೇಕು. ಇಲ್ಲವಾದರೆ ಹಾಡು ನಿಲ್ಲುತ್ತದೆ, ಹಾಡಿನ ಜೊತೆ ಕೈಯೂ ನಿಲ್ಲುತ್ತದೆ. ಒಂದು ವರ್ಷ ದೊಡ್ಡಗಂಗಮ್ಮನ ಗಂಟಲು ಕಟ್ಟಿಕೊಂಡಿತು. ಹದಿಮೂರು ವರ್ಷದ ಮಗಳು ಎರಡು ದಿನ ಇಡೀ ಗದ್ದೆಗೆ ಸೊಲ್ಲು ಹೇಳಿಕೊಟ್ಟಳಂತೆ.

“ಅಷ್ಟೊಂದು ಸೊಲ್ಲು ಎಲ್ಲಿಂದ ಬಂತಮ್ಮ ನಿನಗೆ?” ಅಂತ ಒಮ್ಮೆ ಕೇಳಿದ್ದೆ.

“ಬಗ್ಗಿದ್ರೆ ಬತ್ತದೆ ಮೇಷ್ಟ್ರೇ” ಅಂದಳು.

ಮೊದಲ ಸಲ ನಮ್ಮ ನಾಟಕಕ್ಕೆ ಬಂದಾಗ ಅವಳಿಗೆ ಇಪ್ಪತ್ತೆರಡು. ಹ್ಯಾಂಡ್‌ಬಿಲ್ ಅಚ್ಚು ಹಾಕಿಸುವವನು ಹೆಸರು ತುಂಬಾ ಹಳೆಯದಾಯಿತೆಂದು ‘ಕೋಮಲಾದೇವಿ’ ಅಂತ ಬರೆದುಕೊಂಡ. ಅವಳು ಪೆನ್ನು ಕಿತ್ತುಕೊಂಡು ಹೊಡೆದು ಹಾಕಿದಳು. “ನಮ್ಮವ್ವ ಇಕ್ಕಿದ ಹೆಸ್ರು. ನಿಂಗ್ಯಾಕೆ ಉರಿ?” ಅಂದಳು. ಮದುವೆಯ ಕಥೆಯೂ ಅಷ್ಟೇ ಚಿಕ್ಕದು. ಗಂಡ ಹಾಡು ಬಿಡು ಅಂದ. ಇವಳು ಗಂಡನನ್ನು ಬಿಟ್ಟಳು. ಮಗಳು ನಂದಿತಾಳನ್ನು ಕರೆದುಕೊಂಡು ಗುಬ್ಬಿಗೆ ಬಂದು, ಬಾಡಿಗೆ ಮನೆ ಹಿಡಿದು, ಮಳೆಗಾಲದಲ್ಲಿ ಅಂತರಸನಹಳ್ಳಿಯ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸ, ಬೇಸಿಗೆಯಲ್ಲಿ ನಾಟಕ ಅಂತ ಬದುಕು ಕಟ್ಟಿಕೊಂಡಳು.

ಆ ಮೊದಲ ನಾಟಕದ ಕಥೆ ಹೇಳಬೇಕು. ನನ್ನ ಬಳಿ ಕೆಂಪು ರಟ್ಟಿನ ನೋಟ್‌ಬುಕ್ ಒಂದಿದೆ. ಯಾವ ಹಾಡಿಗೆ ಯಾವ ಸ್ವರ, ಎಲ್ಲಿ ಎಳೆಯಬೇಕು, ಎಲ್ಲಿ ನಿಲ್ಲಿಸಬೇಕು, ಎಲ್ಲ ಅದರಲ್ಲಿ ಬರೆದಿಟ್ಟಿದ್ದೇನೆ. ಅವಳು ಒಂದು ಹಾಡು ಮುಗಿಸುತ್ತಿದ್ದ ಹಾಗೆ ಜನ “ಒನ್ಸ್ ಮೋರ್” ಎಂದು ಕೂಗಿದರು. ಪದ್ಧತಿ ಏನು? ಹಾಡಿದ್ದನ್ನೇ ಮತ್ತೊಮ್ಮೆ ಹಾಡಬೇಕು. ನಾನು ಅದೇ ಸ್ವರ ಹಿಡಿದೆ. ಅವಳು ಎಲ್ಲಿಂದಲೋ ಶುರು ಮಾಡಿ, ತಾಳಕ್ಕೆ ಸಿಕ್ಕಿಯೂ ಸಿಕ್ಕದ ಹಾಗೆ ಹೋಗಿ, ಕೊನೇ ಗಳಿಗೆಯಲ್ಲಿ ಬಂದು ಕೂಡಿಕೊಂಡಳು. ನನ್ನ ಬೆರಳುಗಳು ಸಂತೆಯಲ್ಲಿ ಹಸು ಕಳೆದುಕೊಂಡವನ ಹಾಗೆ ಹುಡುಕಾಡಿದವು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಪರದೆ ಬಿದ್ದದ್ದೇ ನಾನು ಕೆಂಡವಾದೆ.

“ಒನ್ಸ್ ಮೋರ್ ಅಂದ್ರೆ ಅದನ್ನೇ ಇನ್ನೊಂದ್ಸಲ ಹಾಡು ಅಂತ! ಅಷ್ಟೂ ಗೊತ್ತಿಲ್ವೇನಮ್ಮ?”

“ಅದು ಹೋಯ್ತಲ್ಲ ಮೇಷ್ಟ್ರೇ” ಅಂದಳು, ಬಳೆ ಸರಿ ಮಾಡಿಕೊಳ್ಳುತ್ತಾ. “ಹೋಗಿದ್ದನ್ನ ಎಲ್ಲಿಂದ ತರಾನ?”

ಕಲಿಯಲಾಗದವಳ ನೆಪ, ಕುಣಿಯಲಾರದವಳಿಗೆ ನೆಲ ಡೊಂಕು ಎಂದುಕೊಂಡೆ. ಹಾಗಲ್ಲವೆಂದು ತಿಳಿಯಲು ಬಹಳ ವರ್ಷ ಬೇಕಾಯಿತು. ಒಂದೂರಿನಲ್ಲಿ ಅವಳು ಅಳುವ ರಾಣಿಯಾಗಿ ಹಾಡುವಾಗ ಜನರ ಮಧ್ಯೆ ಕೂಸೊಂದು ಕಿರುಚಿಕೊಂಡಿತು. ಅವಳು ಹಾಡು ನಿಲ್ಲಿಸಲಿಲ್ಲ. ಅದೇ ರಾಗದಲ್ಲಿ “ಯಾರ ಕಂದವ್ವ, ನನಗಿಂತ ಮೊದಲೇ ನನ್ನ ದುಃಖ ತಿಳಿದದ್ದು” ಎಂದು ಸೊಲ್ಲು ಕಟ್ಟಿ ಮುಂದಕ್ಕೆ ಹೋದಳು. ಕೂಸಿನ ತಾಯಿ ಅತ್ತಳು. ಸುಳ್ಳೇಕೆ, ನನ್ನ ಕಣ್ಣೂ ಒದ್ದೆಯಾಯಿತು. ಮಾರನೆಯ ದಿನ ಆ ಸೊಲ್ಲನ್ನು ನೋಟ್‌ಬುಕ್ಕಿಗೆ ಇಳಿಸಿ, ಮುಂದಿನ ನಾಟಕದಲ್ಲೂ ಹಾಡು ಅಂದೆ. “ಅಲ್ಲಿ ಕೂಸು ಅಳದಿದ್ರೆ?” ಅಂದಳು.

ಹೀಗೆ ಅವಳು ಮುಂದೆ, ನಾನು ಹಿಂದೆ ಎಂದು ಓಡಿಕೊಂಡೇ ಇದ್ದೆವು. ಆಮೇಲೆ ಮೋಹನ್‌ಕುಮಾರ್ ಬಂದ.

ಮೋಹನ್‌ಕುಮಾರ್ ಡ್ರಾಮಾ ಸೀನರಿ ಓನರ್. ಪರದೆ, ಲೈಟು, ಕಿರೀಟ, ಕಲಾವಿದೆಯರು, ಎಲ್ಲ ಅವನ ಕಡೆಯಿಂದಲೇ. ತುಮಕೂರು, ಗುಬ್ಬಿ, ಕುಣಿಗಲ್ ಮೂರೂ ಕಡೆ ಅವನ ಸೀನರಿ ಬಿಟ್ಟರೆ ನಾಟಕವಿಲ್ಲ ಅನ್ನುವ ಹಾಗಾಗಿದೆ. ಈಗ ತುಮಕೂರಿನ ಕಲಾಕ್ಷೇತ್ರದಲ್ಲಿ ಹಗಲು ಹೊತ್ತೇ ನಾಟಕ ನಡೆಯುತ್ತದೆ. ಇಂತಿಷ್ಟು ಗಂಟೆಗೆ ಹಾಲ್ ಬಿಟ್ಟುಕೊಡಬೇಕೆಂದು ಟೈಮ್ ಇದೆ. ಆ ಟೈಮ್ ತಿನ್ನುವುದು ಸನ್ಮಾನ, ಶಾಲು, ಭಾಷಣ. ಆದರೆ ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಎಳೆದ ಹಾಗೆ, ಅವನು ಕತ್ತರಿ ಹಾಕಿದ್ದು ಹಾಡಿಗೆ. ಎಲ್ಲ ಹಾಡಿನ ಸಂಗೀತವನ್ನೂ ಸ್ಟುಡಿಯೋದಲ್ಲಿ ಟ್ರ್ಯಾಕ್ ಮಾಡಿಸಿ ಪೆನ್‌ಡ್ರೈವಿಗೆ ತುಂಬಿಸಿದ. ಟ್ರ್ಯಾಕ್ ಓಡುತ್ತದೆ, ನಟರು ಅದರ ಮೇಲೆ ಹಾಡಬೇಕು. ಎಳೆಯುವ ಹಾಗಿಲ್ಲ, ಒನ್ಸ್ ಮೋರ್ ಇಲ್ಲ.

ಆ ಟ್ರ್ಯಾಕಿಗೆ ಹಾರ್ಮೋನಿಯಂ ಬಾರಿಸಿದವನು ನಾನೇ. ಬರೆದುಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಟ್ರ್ಯಾಕ್ ಬಂದ ಮೇಲೆ ನನ್ನ ಕೆಲಸವೇನು ಎಂದು ಕೇಳಿದ್ದಕ್ಕೆ ಮೋಹನ್‌ಕುಮಾರ್, “ಸುಮ್ನೆ ಕೂತ್ಕೊಂಡು ಬೆರಳಾಡಿಸಿ ಮೇಷ್ಟ್ರೇ. ವಿಡಿಯೋದಲ್ಲಿ ಚೆನ್ನಾಗ್ ಕಾಣುತ್ತೆ” ಅಂದ. ನನ್ನದು ಕಾಲು ಹಾರ್ಮೋನಿಯಂ. ಕಾಲು ತುಳಿದರೆ ಗಾಳಿ, ಗಾಳಿಯಿದ್ದರೆ ನಾದ. ಕಾಲು ಅಲ್ಲಾಡಿಸದೆ ಬರೀ ಬೆರಳಾಡಿಸುತ್ತಾ ಕುಣಿಗಲ್ಲಿನಲ್ಲಿ ಒಮ್ಮೆ, ಗುಬ್ಬಿಯಲ್ಲಿ ಒಮ್ಮೆ ಕೂತು ಬಂದೆ. ನನ್ನದೇ ಹಾಡಿಗೆ ನಾನೇ ಬೊಂಬೆ.

ಸುದ್ದಿ ತಿಳಿದು ಕೊಲ್ಲಾಪುರಮ್ಮ ನಂದಿತಾಳ ಜೊತೆ ಮನೆಗೆ ಬಂದಳು.

“ನಾನು ಹಾಡ್ತಾ ಹಾಡ್ತಾ ನಿಂತ್ರೆ ಅದು ನಿಲ್ತದಾ ಮೇಷ್ಟ್ರೇ? ನಾನು ನಕ್ರೆ ಅದಕ್ಕೆ ಗೊತ್ತಾಗ್ತದಾ? ಕಿವುಡನ ಜೊತೆ ಎಂಗೆ ಮಾತಾಡಾದು?”

“ಕಾಲ ಬದಲಾಗಿದೆ ಕಣಮ್ಮ. ಅವನ ಮಾತು ಮೀರಿದರೆ ಇನ್ನು ಯಾವ ಸ್ಟೇಜೂ ಸಿಗಲ್ಲ ನಿನಗೆ. ಅವನೇ ಹೇಳಿದ್ದಾನೆ.”

ಆಗ ನಂದಿತಾ ಫೋನಿನಲ್ಲಿ ಒಂದು ವಿಡಿಯೋ ಹಾಕಿದಳು. ಯಾವುದೋ ದೇಶದ ದಪ್ಪನೆಯ ಹೆಂಗಸು, ಕಣ್ಣು ಮುಚ್ಚಿ, ಮಾತೇ ಇಲ್ಲದೆ ಬರೀ ದನಿಯಲ್ಲಿ ಆಡುತ್ತಿದ್ದಳು. “ಇದನ್ನ ಜಾಝ್ ಅಂತಾರೆ ಮೇಷ್ಟ್ರೇ. ಒಂದೇ ಹಾಡನ್ನ ಒಂದೊಂದ್ಸಲ ಒಂದೊಂದು ಥರ ಹಾಡ್ತಾರೆ. ಅದಕ್ಕೇ ಅಂತ ಜನ ಟಿಕೆಟ್ ತಗೊಂಡ್ ಹೋಗ್ತಾರೆ” ಅಂದಳು. ಕೊಲ್ಲಾಪುರಮ್ಮ ತೊಡೆಯ ಮೇಲೆ ತಾಳ ಹಾಕುತ್ತಾ ಪೂರ್ತಿ ಕೇಳಿದಳು.

“ಇವ್ಳೂ ನಾಟಿ ಹಾಕಿರೋಳೇ ಬುಡು” ಅಂತ ತೀರ್ಮಾನ ಕೊಟ್ಟಳು. ಆಮೇಲೆ ಪಿಯಾನೋದವನ ಕಡೆ ಬೆರಳು ಮಾಡಿ, “ಅಲ್ನೋಡಿ, ಬಾರ್ಸೋನು ಎಂಗೆ ಅವ್ಳ ಹಿಂದೆ ಓಡ್ತಾವ್ನೆ. ನೀವು ಓಡ್ತಿದ್ದಂಗೆ” ಅಂದಳು. ಹಾಗೇ ಎದ್ದು ಹೋದಳು. ಬೈದಿದ್ದರೆ ಚೆನ್ನಾಗಿತ್ತು.

ಮುಂದಿನ ನಾಟಕ ಅಂತರಸನಹಳ್ಳಿಯ ವರ್ಕ್‌ಶಾಪಿನವರದು, ಕಲಾಕ್ಷೇತ್ರದಲ್ಲಿ, ಭಾನುವಾರ ಬೆಳಿಗ್ಗೆ. ರಾಜಮಾತೆಯ ಪಾತ್ರಕ್ಕೆ ಕೊಲ್ಲಾಪುರಮ್ಮನೇ ಬೇಕೆಂದು ಅವರು ಹಟ ಹಿಡಿದಿದ್ದರು. ಮಗನ ಪಾತ್ರ ಲೇತ್ ಮಶೀನಿನ ಚಿಕ್ಕಮಾರಯ್ಯನದು. ತಾಯಿಗಿಂತ ಮಗನೇ ನಾಲ್ಕು ವರ್ಷ ದೊಡ್ಡವನು, ಅದು ನಮ್ಮ ನಾಟಕಗಳಲ್ಲಿ ಮಾಮೂಲು. ಎಂಟು ತಿಂಗಳು ಕೆಲಸಕ್ಕೆ ಬೈಕಿನಲ್ಲಿ ಹೋಗಿಬರುತ್ತಾ ಹೆಲ್ಮೆಟ್ಟಿನೊಳಗೇ ಹಾಡು ಕಲಿತ ಮನುಷ್ಯ ಅವನು. ಜೀವನದಲ್ಲಿ ಅವನು ಸ್ಟೇಜ್ ಹತ್ತಿದ್ದು ಅದೇ ಮೊದಲು.

ಮಗ ಯುದ್ಧಕ್ಕೆ ಹೊರಡುವ ದೃಶ್ಯ. ಟ್ರ್ಯಾಕ್ ಶುರುವಾಯಿತು. ಕೊಲ್ಲಾಪುರಮ್ಮ ಅದರ ಲೆಕ್ಕಕ್ಕೆ ಸರಿಯಾಗಿ, ಅಳತೆ ಪಟ್ಟಿ ಇಟ್ಟ ಹಾಗೆ ಹಾಡಿ ಮುಗಿಸಿದಳು. ಅವಳ ಗಂಟಲಿನಿಂದ ಅಷ್ಟು ಸಪ್ಪೆ ಹಾಡು ನಾನು ಕೇಳಿರಲಿಲ್ಲ. ಈಗ ಮಗನ ಸರದಿ. ಚಿಕ್ಕಮಾರಯ್ಯ ಮುಂದಿನ ಸಾಲಿನಲ್ಲಿ ಕೂತ ಹೆಂಡತಿಯನ್ನು ನೋಡಿಬಿಟ್ಟ. ಹಾಡು ಎತ್ತುವುದನ್ನೇ ಮರೆತ. ಟ್ರ್ಯಾಕ್ ಅವನಿಗೆ ಕಾಯುತ್ತದೆಯೇ? ಅದು ಮುಂದಕ್ಕೆ ಹೋಯಿತು. ಅವನು ಗಾಬರಿಯಾಗಿ ನಡುವೆ ಹೊಕ್ಕ, ತಾಳ ತಪ್ಪಿದ, ಮತ್ತೆ ಜೋರಾಗಿ ಹಾಡಿದ, ಮತ್ತೆ ತಪ್ಪಿದ. ಯಾರೋ ಶಿಳ್ಳೆ ಹೊಡೆದರು, ಹಾಲೆಲ್ಲ ನಗು. ಕಿರೀಟ ಹೊತ್ತ ಐವತ್ತಾರು ವರ್ಷದ ಮನುಷ್ಯ ಶಾಲೆಯಲ್ಲಿ ಪಾಠ ಒಪ್ಪಿಸಲಾರದ ಹುಡುಗನ ಹಾಗೆ ತಲೆ ತಗ್ಗಿಸಿ ನಿಂತ. ಟ್ರ್ಯಾಕ್ ಓಡುತ್ತಲೇ ಇತ್ತು. ನನ್ನ ಬೆರಳುಗಳೂ ಆಡುತ್ತಲೇ ಇದ್ದವು.

ಕೊಲ್ಲಾಪುರಮ್ಮ ಸ್ಟೇಜಿನ ಅಂಚಿಗೆ ಬಂದಳು. ಜರಿ ಸೀರೆ ಎತ್ತಿಕಟ್ಟಿ, ಸೌಂಡ್ ಮಿಕ್ಸರ್ ಇದ್ದ ಕಡೆ ಇಳಿದು, ಪೆನ್‌ಡ್ರೈವ್ ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಸಂಗೀತ ಪಟ್ಟನೆ ನಿಂತಿತು. ನನ್ನ ಬೆರಳು ನಿಲ್ಲಲಿಲ್ಲ. ನಾದವಿಲ್ಲದ ಹಾರ್ಮೋನಿಯಂ ಮೇಲೆ ಬೆರಳಾಡಿಸುತ್ತಿದ್ದ ಮುದುಕನನ್ನು ಇಡೀ ಕಲಾಕ್ಷೇತ್ರ ನೋಡಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅವಳು ನನ್ನ ಹತ್ತಿರ ಬಂದು, ನನಗಷ್ಟೇ ಕೇಳಿಸುವ ಹಾಗೆ, “ಮೇಷ್ಟ್ರೇ, ಕಾಲು ತುಳೀರಿ” ಅಂದಳು.

ತುಳಿದೆ. ಅವಳು ಸ್ಟೇಜ್ ಹತ್ತಿ, ತಲೆ ತಗ್ಗಿಸಿದ್ದ ಚಿಕ್ಕಮಾರಯ್ಯನ ಗಲ್ಲ ಎತ್ತಿ ಹಿಡಿದು ಹಾಡಿದಳು:

“ಮಾತು ಮರೆತೆಯಾ ಮಗನೇ, ಮರೆತರೇನು ಕಂದಾ,
ಮಾತು ಬಾರದ ಕಾಲಕ್ಕೂ ನಿನ್ನ ಅಳಲು ತಿಳಿದಿದ್ದೆ.”

ನಗು ನಿಂತಿತು. ಅವಳು ಗದ್ದೆಯ ಪದ್ಧತಿಗೆ ಇಳಿದಳು. ಅರ್ಧ ಸೊಲ್ಲು ಅವಳು ಕೊಡುತ್ತಾಳೆ, ಅವನು ಹಿಡಿಯಬೇಕು. ಮೊದಲು ನಡುಗುತ್ತಾ ಹಿಡಿದ. ಎರಡನೆಯದನ್ನು ಗಟ್ಟಿಯಾಗಿ ಹಿಡಿದ. ನಾಲ್ಕನೆಯದಕ್ಕೆ ಅವಳು ಸುಮ್ಮನಾದಳು, ಅವನೇ ಹಾಡಿದ. ಕೊನೆಯಲ್ಲಿ ನಾನು ಕಲಿಸದ ಒಂದು ತಿರುವು ತಾನಾಗಿ ಹಾಕಿ ತಾನೇ ಬೆಚ್ಚಿದ. ನಾನು ಅವನ ಹಿಂದೆ, ಅವಳ ಹಿಂದೆ, ಉಸಿರು ಕಟ್ಟಿ ಓಡಿದೆ. “ಒನ್ಸ್ ಮೋರ್” ಎಂದು ಮೊದಲು ಕೂಗಿದವನು ಆ ಶಿಳ್ಳೆ ಹೊಡೆದವನೇ.

ಪರದೆ ಪಕ್ಕದಲ್ಲಿ ಮೋಹನ್‌ಕುಮಾರ್ ಕುದಿಯುತ್ತಿದ್ದ. “ಪೆನ್‌ಡ್ರೈವ್ ಕೊಡಮ್ಮ ಮೊದ್ಲು!”

“ಇನ್ನೂ ನಾಲ್ಕು ಸೀನದೆ. ಮುಗುದ್ಮೇಲೆ ಕೊಡ್ತೀನಿ. ಈಗ ಬಾಯಿ ಮಾಡಿದ್ರೆ ನಿನ್ನನ್ನೂ ಹಾಡೊಳಕ್ಕೆ ಸೇರಿಸ್ಬುಡ್ತೀನಿ.”

“ಇದೇ ನಿನ್ ಲಾಸ್ಟ್ ನಾಟ್ಕ, ತಿಳ್ಕೊ.”

“ಸೀನರಿ ನಿಂದು. ಗಂಟಲು ನಂದು” ಅಂದು ಒಳಗೆ ಹೋದಳು.

ಅವನು ಮಾತಿಗೆ ತಪ್ಪಲಿಲ್ಲ. ಆ ಸೀಸನ್ ಪೂರ್ತಿ ಅವಳಿಗೆ ಒಂದೂ ಕರೆ ಬರಲಿಲ್ಲ, ನನಗೂ ಬರಲಿಲ್ಲ. ಬೇಸಿಗೆಯಲ್ಲೂ ಪ್ಯಾಕಿಂಗ್ ಕೆಲಸಕ್ಕೇ ಹೋದಳು. ನಾನು ಸಮಾಧಾನ ಹೇಳಲು ಹೋದರೆ, “ಅಯ್ಯೋ ಅಂತ ಮಾತ್ರ ಅನ್ಬ್ಯಾಡಿ ಮೇಷ್ಟ್ರೇ, ನಂಗೆ ಆಗಲ್ಲ” ಅಂತ ಬಾಯಿ ಮುಚ್ಚಿಸಿದಳು. ಆಮೇಲೆ ಒಂದು ದಿನ ಚಿಕ್ಕಮಾರಯ್ಯ ತನ್ನ ವರ್ಕ್‌ಶಾಪಿನ ಆರು ಜನರನ್ನು, ಜೊತೆಗೆ ನನ್ನನ್ನೂ ಕಟ್ಟಿಕೊಂಡು ಅವಳ ಮನೆಗೆ ಹೋದ. ಭಾನುವಾರ ಶೆಡ್ ಖಾಲಿ ಇರುತ್ತದೆ, ನಮಗೆ ಹಾಗೆ ಹಾಡೋದು ಕಲಿಸಿ ಅಂದ. ಅವಳ ಷರತ್ತು ಒಂದೇ: ನೋಟ್‌ಬುಕ್ ಶೆಡ್ಡಿನ ಹೊರಗಿರಬೇಕು. ಹೇಳುವಾಗ ನೋಡಿದ್ದು ನನ್ನ ಕಡೆ.

ಹೋದ ತಿಂಗಳು ಮಾರ್ಕೋನಹಳ್ಳಿಯ ಶಾಲೆ ಮೈದಾನದಲ್ಲಿ ನಾಟಕ ಆಡಿದೆವು. ಮಧ್ಯಾಹ್ನದ ಬಿಸಿಲು. ಸೀನರಿ ಇಲ್ಲ, ಪರದೆಯ ಜಾಗಕ್ಕೆ ಎರಡು ಜಮಖಾನ, ಕಿರೀಟ ರಟ್ಟಿನದು. ಮುಂದಿನ ಸಾಲಿನಲ್ಲಿ ಅವಳ ಜೊತೆ ನಾಟಿ ಹಾಕಿದ್ದ ಹೆಂಗಸರು ಕೂತಿದ್ದರು, ಈಗ ಎಲ್ಲರ ತಲೆಯೂ ಬೆಳ್ಳಗಾಗಿತ್ತು. ಅವಳು ಸೊಲ್ಲು ಎತ್ತಿದ್ದೇ ತಡ, ಅವರು ಕೂತಲ್ಲಿಂದಲೇ ಹಿಡಿದರು. ಯಾರೂ ಹೇಳಿಕೊಟ್ಟಿರಲಿಲ್ಲ.

ಹಾಡು ಮುಗಿದು “ಒನ್ಸ್ ಮೋರ್” ಎದ್ದಿತು. ಕೊಲ್ಲಾಪುರಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು ನನ್ನ ಕಡೆ ತಿರುಗಿದಳು.

“ಈ ಸಲ ನೀವು ಮುಂದೆ ಓಡಿ ಮೇಷ್ಟ್ರೇ. ನಾನು ಹಿಂದೆ ಬತ್ತೀನಿ.”

ನೋಟ್‌ಬುಕ್ ಗುಬ್ಬಿಯ ಮನೆಯಲ್ಲಿತ್ತು. ಆಗತಾನೇ ಬಾರಿಸಿದ್ದು ಹೋಗಿಯಾಗಿತ್ತು. ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ಅಷ್ಟು ಜನರ ಮುಂದೆ, ಮುಂದೇನು ಬಾರಿಸಬೇಕೆಂದು ನನಗೆ ಗೊತ್ತಿರಲಿಲ್ಲ. ಕಾಲು ತುಳಿದೆ.