ರಾಜಾಜಿನಗರದ ಶಾಲೆಯಲ್ಲಿ ಅಪ್ಪಣೆ ಕೇಳುವ ಭಾಷೆ

‘ಕುಂದರ್ರಿ’ ಅಂದೆ. ಐವತ್ತು ಮಕ್ಕಳು ಗೊಳ್ಳೆಂದು ನಕ್ಕರು. ಮಕ್ಕಳು ನಕ್ಕರೆ ನಗಲಿ. ಬಾಗಿಲಲ್ಲಿ ನಿಂತಿದ್ದ ಹೆಡ್ ಮೇಷ್ಟ್ರೂ ನಕ್ಕರು. ‘ಇಲ್ಲಿ ಕೂತ್ಕೊಳ್ಳಿ ಅಂತಾರೆ ಮೇಡಂ. ಆ ಕನ್ನಡಾನ ಧಾರವಾಡದಲ್ಲೇ ಬಿಟ್ಟು ಬರಬಾರದಿತ್ತಾ?’

ಐವತ್ತಾರರಲ್ಲಿ ಕನ್ನಡ ರಾಜ್ಯ ಒಂದಾದ ಮೇಲೆ ಮನೆಯವರಿಗೆ ಬೆಂಗಳೂರಿಗೆ ವರ್ಗವಾಯಿತು, ಹಿಂದೆಯೇ ನನಗೂ. ನಮ್ಮ ಧಾರವಾಡದಲ್ಲಿ ನಾನು ‘ಅಕ್ಕೋರು’. ಇಲ್ಲಿ ಎದುರಿಗೆ ‘ಮೇಡಂ’, ಬೆನ್ನ ಹಿಂದೆ ‘ಕುಂದರ್ರಿ ಮೇಡಂ’. ಎರಡು ಕೋಣೆಯ ಹೊಸ ಮನೆ, ಸುತ್ತ ಕಟ್ಟಿ ಮುಗಿಯದ ಗೋಡೆಗಳು, ಒಣಹಾಕಿದ ಬಟ್ಟೆಗೆಲ್ಲ ಕೆಮ್ಮಣ್ಣು. ಜೋಳ ಬೀಸಿಸಲು ಹೋದರೆ ಗಿರಣಿಯವನು, ‘ಜೋಳ ದನಕ್ಕಲ್ವಾ, ಎಷ್ಟು ಹಸು ಕಟ್ಟಿದೀರಮ್ಮಾ?’ ಎಂದ. ರೊಟ್ಟಿ ಬಡಿಯುವ ಸದ್ದಿಗೆ ಪಕ್ಕದ ಮನೆಯಾಕೆ ಆ ಕಡೆಯಿಂದ ಗೋಡೆ ಬಡಿದಳು.

ಈ ಊರಿನವಳೇ ಅನ್ನಿಸಿಕೊಳ್ಳಬೇಕೆಂಬ ಹಟ ಆಗ ಹುಟ್ಟಿತು. ಆ ಹಟದಲ್ಲಿ ಒಂದು ತಪ್ಪು ಮಾಡಿದೆ.

ನಮ್ಮ ಕಡೆ ಮಗು ಕಿರುಬೆರಳು ಎತ್ತಿದರೆ ಸಾಕು, ಒಂದಕ್ಕೆ ಹೋಗಿ ಬರಬಹುದು. ಈ ಶಾಲೆಯಲ್ಲಿ ಬಾಯಿಬಿಟ್ಟು, ಅದೂ ಕನ್ನಡದಲ್ಲೇ ಕೇಳಬೇಕು. ಮಕ್ಕಳಲ್ಲಿ ಅರ್ಧ ಜನ ಮನೆಯಲ್ಲಿ ತಮಿಳು, ತೆಲುಗು, ಉರ್ದು ಆಡುವವರು. ಬಟ್ಟೆ ಗಿರಣಿ ಕೆಲಸದವರ ಮಗಳು ಸೆಲ್ವಿ, ಆರು ವರ್ಷದವಳು, ಒಂದು ಮಧ್ಯಾಹ್ನ ಎದ್ದು, ‘ಒಣ್ಣುಕ್ಕು ಪೋಣುಂ’ ಎಂದಳು. ಒಂದಕ್ಕೆ ಹೋಗಬೇಕು ಅಂತ ತಮಿಳಿನಲ್ಲಿ ಕೇಳುತ್ತಿದ್ದಾಳೆಂದು ನನಗೆ ಚೆನ್ನಾಗಿ ತಿಳಿಯಿತು. ಆದರೂ, ‘ಕನ್ನಡದಲ್ಲಿ ಕೇಳು’ ಎಂದೆ. ಅವಳು ನನ್ನ ಮುಖ ನೋಡುತ್ತಾ ನಿಂತಳು. ನಿಂತಲ್ಲೇ ನೆಲ ಒದ್ದೆಯಾಯಿತು. ತರಗತಿ ನಕ್ಕಿತು, ನನ್ನನ್ನು ನೋಡಿ ನಕ್ಕ ಅದೇ ನಗು.

ಮರುದಿನ ಸೆಲ್ವಿ ಬರಲಿಲ್ಲ. ಮೂರನೇ ದಿನ ಅವರ ವಠಾರಕ್ಕೆ ಹೋದೆ. ಅವಳಮ್ಮ ಅಕ್ಕಿ ಕೇರುತ್ತಿದ್ದವಳು ಮೊರ ಕೆಳಗಿಡಲಿಲ್ಲ.

‘ನಿಮ್ ಇಸ್ಕೂಲ್ ಬೇಡಮ್ಮಾ. ಮನೇಲಿ ತಮ್ಮನ್ನ ನೋಡ್ಕೊಂಡಿರ್ತಾಳೆ.’

‘ತಪ್ಪು ನಂದೈತ್ರಿ.’

‘ಇಲ್ಲಿ ಹೇಳಿದ್ರೆ ಏನು ಬಂತು? ಅವಳ ಮಾನ ಹೋಗಿದ್ದು ಅಲ್ಲಿ.’

‘ಹಂಗಾದ್ರ ನಾಳೆ ಶಾಲಿಗೆ ಬರ್ರಿ, ಅಲ್ಲೇ ಹೇಳ್ತೀನಿ’ ಎಂದೆ. ಮರುದಿನ ಬೆಳಿಗ್ಗೆ ತಾಯಿ ಮಗಳು ತರಗತಿಯ ಬಾಗಿಲಲ್ಲಿ ನಿಂತಿದ್ದರು. ಐವತ್ತು ಮಕ್ಕಳೆದುರು, ಧಾರವಾಡದ ಕನ್ನಡದಲ್ಲೇ ಹೇಳಿದೆ: ‘ಸೆಲ್ವಿ ಕೇಳಿದ್ದು ನನಗ ತಿಳಿದಿತ್ತು. ತಿಳಿದೂ ಬಿಡಲಿಲ್ಲ. ತಪ್ಪು ನಂದು. ಇನ್ನ ಮ್ಯಾಲೆ ಯಾರು ಯಾವ ಭಾಷಾದಾಗ ಕೇಳಿದ್ರೂ ಹೋಗಬಹುದು.’ ಈ ಸಲ ಒಬ್ಬರೂ ನಗಲಿಲ್ಲ. ಸೆಲ್ವಿ ಹೋಗಿ ತನ್ನ ಜಾಗದಲ್ಲಿ ಕೂತಳು.

ವಾರದೊಳಗೆ ಕನ್ನಡದ ಹುಡುಗರು ತಮಿಳಿನಲ್ಲಿ, ತೆಲುಗಿನ ಹುಡುಗಿಯರು ಉರ್ದುವಿನಲ್ಲಿ ಅಪ್ಪಣೆ ಕೇಳತೊಡಗಿದರು. ಅಗತ್ಯವಿಲ್ಲದವರೂ ಕೇಳಿದರೆನ್ನಿ.

ಹೆಡ್ ಮೇಷ್ಟ್ರು ಕರೆಸಿದರು. ‘ಸ್ಕೂಲನ್ನ ಸಂತೆ ಮಾಡಿಬಿಟ್ರಲ್ರೀ! ನಿಮಗೇ ನೆಟ್ಟಗೆ ಕನ್ನಡ ಬರಲ್ಲ, ಮಕ್ಕಳಿಗೇನು ಕಲಿಸ್ತೀರಿ?’ ಮೇಲಿನವರಿಗೆ ನನ್ನ ಮೇಲೆ ದೂರು ಬರೆದರು. ಪಕ್ಕದ ತರಗತಿಯ ಮೇಡಂ ನನ್ನೊಂದಿಗೆ ಕೂತು ಊಟ ಮಾಡುವುದನ್ನು ಬಿಟ್ಟರು.

ಬೇಸಿಗೆ ರಜೆಗೆ ಊರಿಗೆ ಹೋದಾಗ ತಂಗಿಯ ಮಗಳು, ‘ದೊಡ್ಡವ್ವಾ, ನೀ ಮೈಸೂರ ಮಂದಿ ಹಂಗ ಮಾತಾಡ್ತಿ’ ಎಂದು ನಕ್ಕಳು. ಬೆಂಗಳೂರಿನಲ್ಲಿ ಮಾತ್ರ ಇನ್ನೂ ನಾನು ಆ ಕಡೆಯವಳು.

ಧಾರವಾಡಕ್ಕೆ ಮರಳಿ ವರ್ಗ ಕೇಳಲು ಮನೆಯವರು ಇಬ್ಬರ ಅರ್ಜಿಯನ್ನೂ ಬರೆದಿಟ್ಟಿದ್ದಾರೆ. ಊರಿನ ಮನೆಯ ಹಿತ್ತಲು ನೆನೆದರೆ ಈಗಲೇ ಸಹಿ ಹಾಕಬೇಕೆನಿಸುತ್ತದೆ. ಆದರೆ ನಾನು ಹೋದರೆ ಸೆಲ್ವಿಯ ತರಗತಿ ಹೆಡ್ ಮೇಷ್ಟ್ರ ಕೈಗೆ ಹೋಗುತ್ತದೆ. ಅರ್ಜಿ ಹಾಗೇ ಇದೆ.