ಕಾಂಪೌಂಡ್ ಇಲ್ಲದ ಹೂಗಳು

ಎರಡು ದಿನದ ಚಂಡೀಗಢ ಪ್ರವಾಸಕ್ಕೂ ನಮ್ಮತ್ತೆ ಬಸವನಗುಡಿಯಿಂದ ದೇವರ ಪಟ ತಂದಿದ್ದರು. ಪೂಜೆಗೆ ಹೂ ಬೇಡವೇ? ಬೆಳಗ್ಗೆ ಅತ್ತೆ ಕಾಣಲಿಲ್ಲವೆಂದು ನಾನು ಹುಡುಕಿಕೊಂಡು ಹೋದರೆ, ಸರ್ಕಲ್ ನಡುವಿನ ಹೂದೋಟದಲ್ಲಿ ನಿಂತು ಪ್ಲಾಸ್ಟಿಕ್ ಕವರ್ ತುಂಬಿಸುತ್ತಿದ್ದಾರೆ! ಟ್ರಾಫಿಕ್ ಪೊಲೀಸ್ ಸೀಟಿ ಊದುತ್ತಾ ಓಡಿಬಂದ. ಭೂಮಿ ಬಾಯಿಬಿಡಬಾರದೇ ಎನಿಸಿತು ನನಗೆ.

“ಕಾಂಪೌಂಡಿಂದ ಆಚೆ ಬಾಗಿರೋ ಹೂವನ್ನ ಯಾರು ಬೇಕಾದ್ರೂ ಕೀಳ್ಬಹುದಪ್ಪ. ಇಲ್ಲಿ ಕಾಂಪೌಂಡೇ ಇಲ್ವಲ್ಲ!” ಅತ್ತೆ ಅವನಿಗೆ ಕನ್ನಡದಲ್ಲೇ ಕಾನೂನು ಹೇಳಿದರು. ಅವನು ಕೈಮುಗಿದು, ವಾಹನ ನಿಲ್ಲಿಸಿ, ನಮ್ಮಿಬ್ಬರನ್ನೂ ರಸ್ತೆ ದಾಟಿಸಿದ.

ಮನೆಗೆ ಮರಳಿದ ಮರುದಿನ ಬೆಳಗ್ಗೆ, ನಮ್ಮ ಕಾಂಪೌಂಡಿನಾಚೆ ಬಾಗಿದ್ದ ದಾಸವಾಳವನ್ನು ಎದುರುಮನೆಯವರು ಕೀಳುತ್ತಿದ್ದರು. ಅತ್ತೆ ಬಾಗಿಲಿನಿಂದಲೇ ಕೂಗಿದರು: “ಒಂದ್ಸಲ ಚಂಡೀಗಢ ನೋಡ್ಕೊಂಡ್ ಬನ್ರೀ! ಅಲ್ಲಿ ಒಬ್ರೂ ಹೂ ಮುಟ್ಟಲ್ಲ!”