ಸಿಸ್ಟರ್‌ಗೊಂದು ಬ್ಯಾಟರಿ ಗಾಡಿ

ತುಮಕೂರಿನಲ್ಲಿ ನಾನು ಓದಿದ ಕಾನ್ವೆಂಟ್ ಶಾಲೆ ಇಳಿಜಾರಿನ ಮೇಲಿದೆ. ಕೆಳಗೆ ಸಿಸ್ಟರುಗಳ ಮನೆ, ನಡುವೆ ಚಾಪೆಲ್, ಮೇಲೆ ತರಗತಿಗಳು. ಓದುವಾಗ ಅಲ್ಲೊಂದು ಏರು ಇದೆ ಅನ್ನುವುದೇ ನನಗೆ ಗೊತ್ತಿರಲಿಲ್ಲ, ಓಡಿಕೊಂಡೇ ಹತ್ತುತ್ತಿದ್ದೆವು. ಗೊತ್ತಾಗಿದ್ದು ಎರಡು ಸಾವಿರದ ಇಸವಿ ಕಳೆದ ಮೇಲೆ, ಮಗಳನ್ನು ಅದೇ ಶಾಲೆಗೆ ಬಿಡಲು ಹೋಗುತ್ತಿದ್ದ ಕಾಲದಲ್ಲಿ. ಒಂದು ಬೆಳಿಗ್ಗೆ ನೋಡುತ್ತೇನೆ, ನನಗೆ ಎರಡನೇ ಕ್ಲಾಸಿನಲ್ಲಿ ಓದಲು ಕಲಿಸಿದ ಸಿಸ್ಟರ್ ಚಾಪೆಲ್ಲಿನ ಗೋಡೆಗೆ ಅಂಗೈ ಒತ್ತಿ ನಿಂತಿದ್ದರು. ನನ್ನನ್ನು ಕಂಡ ಕೂಡಲೇ ಗೋಡೆಯನ್ನು ಪರೀಕ್ಷೆ ಮಾಡುತ್ತಿರುವವರ ಹಾಗೆ ಮುಖ ಮಾಡಿಕೊಂಡರು. ಗೋಡೆಯಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. ಅವರ ಕೈ ದಿನಾ ತಾಗಿ ತಾಗಿ ಆ ಒಂದು ಜಾಗದಲ್ಲಿ ಮಾತ್ರ ಸುಣ್ಣ ಸವೆದು ನುಣುಪಾಗಿತ್ತು.

ಅವರ ಎರಡೂ ಮಂಡಿ ಸವೆದುಹೋಗಿದ್ದವು. ಮಂಗಳೂರು ಕಡೆಯಿಂದ ಬಂದು ಮೂವತ್ತು ವರ್ಷ ತುಮಕೂರಿನಲ್ಲಿದ್ದರೂ ಅವರ ಮಾತು ಮಾತ್ರ ಊರು ಬಿಟ್ಟು ಬಂದಿರಲಿಲ್ಲ. "ಎಂತದೂ ಇಲ್ಲ ಮಾರಾಯ್ತಿ, ಸ್ವಲ್ಪ ನಿಂತದ್ದು ಅಷ್ಟೆ" ಅಂದರು. ಅವರು ಏರಿನ ತುದಿ ಮುಟ್ಟುವಷ್ಟರಲ್ಲಿ ಪ್ರಾರ್ಥನೆ ಮುಗಿದು ಮಕ್ಕಳು ತರಗತಿಗೆ ಹೋಗಿ ಕೂತಿದ್ದರು.

ಕಾನ್ವೆಂಟಿನ ಮುಖ್ಯಸ್ಥೆಯಾದ ಮದರ್ ನನ್ನನ್ನು ಆಫೀಸಿಗೆ ಕರೆದು ಹೇಳಿದರು: ಜೂನ್‌ನಿಂದ ಸಿಸ್ಟರನ್ನು ಮಂಗಳೂರಿನಲ್ಲಿರುವ, ವಯಸ್ಸಾದ ಸಿಸ್ಟರುಗಳ ವಿಶ್ರಾಂತಿ ಮನೆಗೆ ಕಳಿಸುವ ಯೋಚನೆ ಇದೆ. ಮದರ್ ಕೆಟ್ಟವರಲ್ಲ. ಬಿದ್ದು ಸೊಂಟ ಮುರಿದುಕೊಂಡರೆ ಯಾರು ನೋಡಿಕೊಳ್ಳುತ್ತಾರೆ ಅನ್ನುವುದು ಅವರ ಚಿಂತೆ. ಗಾಲಿಕುರ್ಚಿಗೆ ಸಿಸ್ಟರೇ ಒಪ್ಪಿರಲಿಲ್ಲ. "ನನ್ನನ್ನು ತಳ್ಳಲಿಕ್ಕೆ ಇನ್ನೊಬ್ಬಳು ಬೇಕು. ಅವಳ ಕೆಲಸ ಯಾರು ಮಾಡುದು?" ಅಂದಿದ್ದರಂತೆ. ಆ ವರ್ಷವೂ ಓದಿನಲ್ಲಿ ಹಿಂದಿದ್ದ ಮಕ್ಕಳನ್ನು ಒಬ್ಬೊಬ್ಬರಾಗಿ ಪಕ್ಕದಲ್ಲಿ ಕೂರಿಸಿಕೊಂಡು, ಬೆರಳಿಟ್ಟು ಅಕ್ಷರ ತೋರಿಸುತ್ತಿದ್ದವರು ಅವರೇ. ನನ್ನ ಮಗಳೂ ಅಂಥವರಲ್ಲಿ ಒಬ್ಬಳು.

ಮನೆಯಲ್ಲಿ ಇದನ್ನು ಹೇಳಿದಾಗ ನನ್ನ ಯಜಮಾನರು ಪೇಪರಿನಿಂದ ತಲೆ ಎತ್ತಿದರು. ಆಫೀಸಿನ ಮೀಟಿಂಗಿಗೆ ಬೆಂಗಳೂರಿನ ಹತ್ತಿರದ ಯಾವುದೋ ರೆಸಾರ್ಟಿಗೆ ಹೋಗಿದ್ದಾಗ, ಗಾಲ್ಫ್ ಆಡುವವರು ಓಡಾಡುವ ಬ್ಯಾಟರಿ ಗಾಡಿ ನೋಡಿದ್ದರಂತೆ. ಗೇರಿಲ್ಲ, ಸದ್ದಿಲ್ಲ, ಬಾಗಿಲಿಲ್ಲ. ಕಾಲಿನ ಕೆಳಗೆ ಎರಡೇ ಪೆಡಲ್. "ನೀನೂ ಓಡಿಸಬಹುದು" ಅಂದರು. ಇದು ಹೊಗಳಿಕೆಯೋ ಅಲ್ಲವೋ ಅಂತ ನಾನು ಕೇಳಲು ಹೋಗಲಿಲ್ಲ.

ಹಳೇ ವಿದ್ಯಾರ್ಥಿನಿಯರು ಕೈಜೋಡಿಸಿದರು. ಆದರೆ ಗಾಡಿ ಆಯ್ಕೆ ಮಾಡುವ ಕೆಲಸ ನನ್ನ ಮತ್ತು ನನ್ನ ಗೆಳತಿಯ ತಲೆಗೆ ಬಂತು. ಅವಳು ನನ್ನ ಬೆಂಚಿನಲ್ಲೇ ಕೂತು ಓದಿದವಳು, ಗುಬ್ಬಿಯಲ್ಲಿ ತೆಂಗಿನಕಾಯಿ ಮಂಡಿ ಇಟ್ಟಿರುವ ಮನೆಯ ಸೊಸೆ. ನನಗೆ ಗೊತ್ತಿದ್ದದ್ದು ಗ್ರೈಂಡರ್, ಮಿಕ್ಸಿ ಆರಿಸುವ ವಿದ್ಯೆ ಮಾತ್ರ. ಹಾಗಾಗಿ ನಮ್ಮ ಬೀದಿಯ ಕೊನೆಯಲ್ಲಿ ಬ್ಯಾಟರಿ ಅಂಗಡಿ ಇಟ್ಟಿದ್ದ ಭಾಯಿಯನ್ನೂ ಜೊತೆಗೆ ಕರೆದೆವು. ನಮ್ಮ ಮನೆಯ ಇನ್‌ವರ್ಟರಿಗೆ ನೀರು ಹಾಕಲು ಬಂದಾಗಲೆಲ್ಲ ಚಪ್ಪಲಿಯನ್ನು ಮೆಟ್ಟಿಲ ಕೆಳಗೆ ಜೋಡಿಸಿಟ್ಟು ಒಳಗೆ ಬರುವ ಮನುಷ್ಯ ಅವರು. ಅಂಥವರು ಕೆಲಸ ಕೆಡಿಸುವುದಿಲ್ಲ ಅನ್ನುವುದು ನನ್ನ ಲೆಕ್ಕ.

ಕುಣಿಗಲ್ ಹತ್ತಿರ, ಹೈವೇಗಿಂತ ಸ್ವಲ್ಪ ತಗ್ಗಿನಲ್ಲಿ, ಹಳೇ ಗಾಡಿ ಮಾರುವವನೊಬ್ಬನ ಶೆಡ್ಡಿತ್ತು. ರೆಸಾರ್ಟಿನವರು ತೆಗೆದುಹಾಕಿದ ಎರಡು ಗಾಡಿ ಅವನಲ್ಲಿದ್ದವು. ಒಂದು ಬಿಳಿಯದು. ಹಾಲಿನಂಥ ಹೊಸ ಸೀಟು, ಚಾವಣಿಯ ಸುತ್ತ ಕುಚ್ಚು. ಇನ್ನೊಂದು ಹಸಿರು ಮಾಸಿದ ಗಾಡಿ, ಸೀಟು ಹರಿದು ಸ್ಪಂಜು ಇಣುಕುತ್ತಿತ್ತು. ನಾನಂತೂ ನಿಂತ ಜಾಗದಲ್ಲೇ ಬಿಳಿ ಗಾಡಿಯಲ್ಲಿ ಸಿಸ್ಟರನ್ನು ಕೂರಿಸಿಬಿಟ್ಟಿದ್ದೆ. ಅವರ ಬಿಳಿ ಉಡುಪಿಗೆ ಎಷ್ಟು ಹೊಂದುತ್ತದೆ ಅಂತ ಯೋಚಿಸುತ್ತಿದ್ದೆ.

"ಬೆಂಗ್ಳೂರ್ ಗಾಡಿ ಕಣಕ್ಕಾ" ಅಂದ ಶೆಡ್ಡಿನವನು. "ಕೂತ್ಕೊಂಡ್ ನೋಡಿ. ಸೋಫಾ ಇದ್ದಂಗೈತೆ."

"ಸೀಟಿಗೆ ಮರುಳಾಗ್ಬೇಡಿ ಮೇಡಂ" ಅಂದರು ಭಾಯಿ, ಮೆಲ್ಲಗೆ. "ಸೀಟು ಓಡಲ್ಲ."

ಅವರು ಎರಡೂ ಗಾಡಿಯ ಸೀಟು ಎತ್ತಿದರು. ಸೀಟಿನ ಕೆಳಗೆ ಆರು ಬ್ಯಾಟರಿ. ಬಿಳಿ ಗಾಡಿಯಲ್ಲಿ ಬ್ಯಾಟರಿಗಳ ಮೇಲೂ ಹೊಸ ಕಪ್ಪು ಬಣ್ಣ ಹೊಡೆದಿತ್ತು. ತಂತಿ ಸೇರುವ ಜಾಗದಲ್ಲಿ ಮಾತ್ರ, ನಮ್ಮ ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯ ಅಂಚಿನಲ್ಲಿ ಕಟ್ಟುತ್ತದಲ್ಲ, ಅಂಥ ಬಿಳೀ ಪುಡಿ. ಹಸಿರು ಗಾಡಿಯ ಬ್ಯಾಟರಿಗಳು ಹಳೆಯವೇ. ಆದರೆ ಪಕ್ಕದ ತಗಡಿನ ಮೇಲೆ ಯಾರೋ ನೀರು ಹಾಕಿದ ತಾರೀಕುಗಳನ್ನು ಮೊಳೆಯಲ್ಲಿ ಗೀಚಿದ್ದರು. ಒಂದರ ಕೆಳಗೊಂದು, ಒಂದು ತಿಂಗಳೂ ತಪ್ಪಿಸದೆ. ಹಾಲಿನವನ ಲೆಕ್ಕವನ್ನು ಗೋಡೆಯ ಮೇಲೆ ಬರೆಯುತ್ತಿದ್ದ ನಮ್ಮ ಅಜ್ಜಿಯ ನೆನಪಾಯಿತು. ಯಾವುದೋ ರೆಸಾರ್ಟಿನ ಯಾವನೋ ಕೆಲಸಗಾರ ಈ ಗಾಡಿಯನ್ನು ನೋಡಿಕೊಂಡಿದ್ದ.

ಶೆಡ್ಡಿನವನು ನಮ್ಮಿಬ್ಬರನ್ನೂ ಬಿಳಿ ಗಾಡಿಯಲ್ಲಿ ಕೂರಿಸಿ ಅಂಗಳದಲ್ಲಿ ಎರಡು ಸುತ್ತು ಹಾಕಿಸಿದ. ನೀರಿನ ಮೇಲೆ ಹೋದ ಹಾಗಿತ್ತು. ನನ್ನ ಗೆಳತಿ ಇಳಿದವಳೇ ತಾನು ಗುಬ್ಬಿಯಿಂದ ಬಂದಿದ್ದ ಟೆಂಪೋ ಕಡೆ ಕೈ ಬೀಸಿದಳು. ಅದರಲ್ಲಿ ಕಾಯಿ ಮೂಟೆಗಳಿದ್ದವು. ಕುಣಿಗಲ್‌ಗೆ ಹಾಕಬೇಕಾದ ಕಾಯಿ ಇರಬೇಕು, ದಾರಿಯಲ್ಲಿ ತಂದಿದ್ದಾಳೆ ಅಂದುಕೊಂಡಿದ್ದೆ. ಅವಳು ತಂದಿದ್ದದ್ದು ಇದಕ್ಕೇ. ಅವರ ಮಂಡಿಯಲ್ಲಿ ಯಾವ ಗಾಡಿ ಕೊಳ್ಳುವುದಿದ್ದರೂ ಹಸಿ ಕಾಯಿ ಮೂಟೆ ಹೇರಿ ಏರು ಹತ್ತಿಸಿದ ಮೇಲೇ ಮುಂದಿನ ಮಾತು.

"ಏನಕ್ಕಾ, ಕಾಯಿ ಸಾಗ್ಸಾಕೆ ತಗಂತಿದೀರಾ ಇದ್ನ?" ಅಂದ ಶೆಡ್ಡಿನವನು. ಅವನ ನಗು ಅರ್ಧಕ್ಕೇ ನಿಂತಿತ್ತು.

"ನಮ್ ಸಿಸ್ಟರ್ ಕೂರಾಕೆ ಕಣಣ್ಣ."

"ಸಿಸ್ಟರ್ ಮೂರ್ ಮೂಟೆ ತೂಗ್ತಾರಾ?"

"ಒಬ್ರೇ ಹೋಗಲ್ಲ ಅವ್ರು. ದಾರೀಲಿ ಸಿಕ್ಕಿದ್ ಮಕ್ಕಳನ್ನೆಲ್ಲ ಹತ್ತಿಸ್ಕತಾರೆ. ಅವ್ರ ಗುಣ ನಮ್ಗೆ ಗೊತ್ತಿಲ್ವಾ? ನೀನು ಮೂಟೆ ಇಡ್ಸು, ಮಾತು ಆಮೇಲಾಡು."

ಮೂರು ಮೂಟೆ ಏರಿತು. ಶೆಡ್ಡಿನಿಂದ ಹೈವೇಗೆ ಹತ್ತುವ ದಾರಿ ನಮ್ಮ ಶಾಲೆಯ ಏರಿನಷ್ಟೇ ಇತ್ತು. ಬಿಳಿ ಗಾಡಿ ಅರ್ಧದವರೆಗೆ ಗಂಭೀರವಾಗಿ ಹೋಯಿತು, ನಿಧಾನವಾಯಿತು, ನಿಂತಿತು. ಭಾಯಿ ಬ್ರೇಕ್ ಒತ್ತಿ ಹಿಡಿದಿದ್ದರೂ ಕುಚ್ಚು ಅಲ್ಲಾಡಿಸುತ್ತಾ ಹಿಂದಕ್ಕೆ ಜಾರತೊಡಗಿತು. ಟೆಂಪೋದ ಡ್ರೈವರ್ ಚಕ್ರಕ್ಕೆ ಕಲ್ಲು ಕೊಡದಿದ್ದರೆ ಶೆಡ್ಡಿನ ಒಳಗೇ ಹೋಗಿಬಿಡುತ್ತಿತ್ತು.  ಆ ಸೀಟಿನ ಮೇಲೆ ನಾನು ಆಗಲೇ ಸಿಸ್ಟರನ್ನು ಕೂರಿಸಿದ್ದೆನಲ್ಲ.

ಹಸಿರು ಗಾಡಿ ಮುದುಕಿಯ ಹಾಗೆ ಗೊಣಗುತ್ತಾ ಹತ್ತಿತು. ನಡುವೆ ನಿಲ್ಲಿಸಿದರೆ ನಿಂತಿತು, ಮತ್ತೆ ಪೆಡಲ್ ಒತ್ತಿದರೆ ಹೊರಟಿತು. ಭಾಯಿ ಇಳಿದು ಆರು ಬ್ಯಾಟರಿಗಳನ್ನೂ ಬೆರಳಿನಿಂದ ಮುಟ್ಟಿ ನೋಡಿದರು, ಮಗುವಿನ ಜ್ವರ ನೋಡುವ ಹಾಗೆ. "ಯಾವ್ದೂ ಬಿಸಿ ಆಗಿಲ್ಲ. ಇದೇ ಇರ್ಲಿ" ಅಂದರು. ಹರಿದ ಸೀಟಿಗೆ ನಾನೇ ನೀಲಿ ರೆಕ್ಸಿನ್ ಹೊದಿಕೆ ಹೊಲಿದೆ.

ಫೆಬ್ರವರಿಯಲ್ಲಿ ಗಾಡಿ ಕಾನ್ವೆಂಟಿಗೆ ಬಂತು. ಶಾಲೆಯ ಹಬ್ಬದ ವಾರ ಅದು. ಸಿಸ್ಟರ್ ಒಂದೇ ದಿನದಲ್ಲಿ ಕಲಿತರು. ಗೆಳತಿ ಹೇಳಿದ್ದಂತೆಯೇ ಪಕ್ಕದಲ್ಲೊಬ್ಬಳು, ಹಿಂದೆ ಇಬ್ಬರು, ಎಲ್ಲರೂ ಓದಿನಲ್ಲಿ ಹಿಂದಿದ್ದವರೇ. ಚೆನ್ನಾಗಿ ಓದುವ ಮಕ್ಕಳು ಬೇಕಂತಲೇ ತಪ್ಪು ಓದಲು ಶುರುಮಾಡಿದರು ಅಂತ ಮಗಳು ಬಂದು ವರದಿ ಕೊಟ್ಟಳು.

ಹಬ್ಬ ಮುಗಿದ ಮರುವಾರ ಗಾಡಿ ಚಾಪೆಲ್ ಹತ್ತಿರ ನಿಂತುಬಿಟ್ಟಿತು. ಮರುದಿನ ಅದಕ್ಕಿಂತ ಕೆಳಗೆ ನಿಂತಿತು. ಆಯಾ ಮತ್ತು ನಾಲ್ಕು ಮಕ್ಕಳು ತಳ್ಳಿದರು. ಸಿಸ್ಟರ್ ಇಳಿದು, ಮತ್ತೆ ಅದೇ ಗೋಡೆಗೆ ಕೈಯಿಟ್ಟು ನಡೆದರಂತೆ. ಮೂರನೇ ಸಲ ಹೀಗಾದಾಗ ಮದರ್ ನನ್ನನ್ನು ಕರೆಸಿದರು. "ನಿಮ್ಮ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೆ ನಂಬಲಾಗದ ಗಾಡಿಯಲ್ಲಿ ಅವರನ್ನು ಕೂರಿಸಲಾರೆ. ಮಂಗಳೂರಿಗೆ ಬರೆಯುತ್ತೇನೆ" ಅಂದರು.

ಗೆಳತಿಗೆ ಫೋನ್ ಮಾಡಿದೆ. "ಆ ಶೆಡ್ಡಿನವ್ನ ಗ್ರಹಚಾರ ಬಿಡುಸ್ತೀನಿ ಕಣೇ" ಅಂದಳು. ಭಾಯಿ ಬಂದು, ಸೀಟು ಎತ್ತಿ, ಮೀಟರ್ ಇಟ್ಟು ನೋಡಿದರು. ಆರನೆಯದನ್ನೂ ನೋಡಿ ಮುಗಿಸಿ ಮೀಟರ್ ಕೆಳಗಿಟ್ಟರು.

"ಬ್ಯಾಟ್ರಿ ಚೆನ್ನಾಗವೆ ಮೇಡಂ. ಹೊಟ್ಟೆ ಖಾಲಿ ಅದೆ. ಊಟ ಹಾಕಿಲ್ಲ ಇದಕ್ಕೆ."

ಆಯಾಗೆ ಸಿಟ್ಟು ಬಂತು. "ದಿನಾ ಐದ್ ಗಂಟೆಗೆ ಪ್ಲಗ್ ಹಾಕಿ ಮನೆಗೋಗೋಳು ನಾನು. ಬೆಳಗ್ಗೆ ಏಳೂವರೆಗೆ ಬಂದ್ ತೆಗೀತೀನಿ. ಆಗ್ಲೂ ಲೈಟ್ ಉರೀತಿರ್ತದೆ. ಬೇಕಾದ್ರೆ ದೇವ್ರಾಣೆ ಮಾಡ್ತೀನಿ."

"ಯಾವ ಬಣ್ಣ?" ಅಂತ ಕೇಳಿದೆ.

"ಕೆಂಪು ಕಣಮ್ಮ. ಇನ್ಯಾವ್ ಬಣ್ಣ?"

ಚಾರ್ಜರ್ ಕೊಡುವಾಗ ಭಾಯಿ ಹೇಳಿದ್ದು ನನಗೆ ನೆನಪಿತ್ತು: ಉಣ್ಣುವಾಗ ಕೆಂಪು, ಹೊಟ್ಟೆ ತುಂಬಿದ ಮೇಲೆ ಹಸಿರು. ರಾತ್ರಿಯೆಲ್ಲ ಉಂಡರೂ ಬೆಳಿಗ್ಗೆ ಕೆಂಪೇ ಯಾಕೆ ಇರಬೇಕು? ಆ ಸಂಜೆ ನಾನು ಮಗಳನ್ನು ಭಾಯಿಯ ಜೊತೆ ಮನೆಗೆ ಕಳಿಸಿ, ಸಿಸ್ಟರುಗಳ ಮನೆಯ ಪಕ್ಕದಲ್ಲಿ ಗಾಡಿ ನಿಲ್ಲಿಸುವ ಹಳೇ ಸೈಕಲ್ ಸ್ಟ್ಯಾಂಡಿನ ಎದುರು ಕಲ್ಲು ಬೆಂಚಿನ ಮೇಲೆ ಕೂತೆ. ಕೆಂಪು ದೀಪ ಉರಿಯುತ್ತಿತ್ತು. ಆರು ಗಂಟೆಗೆ ಪ್ರಾರ್ಥನೆಯ ಗಂಟೆ ಹೊಡೆಯಿತು. ಪ್ರಾರ್ಥನೆ ಮುಗಿದು ಸ್ವಲ್ಪ ಹೊತ್ತಿಗೆ ಸಿಸ್ಟರುಗಳ ಮನೆಯ ವರಾಂಡದಲ್ಲಿ ಕೋಲಿನ ಸದ್ದು ಕೇಳಿತು. ಸಿಸ್ಟರ್ ಮೀಟರ್ ಬೋರ್ಡಿನ ಮುಂದೆ ನಿಂತರು, ಕೋಲನ್ನು ಗೋಡೆಗೆ ಒರಗಿಸಿದರು, ಎರಡೂ ಕೈಯಿಂದ ಶಾಲೆಯ ಲೈನಿನ ಮೇನ್ ಸ್ವಿಚ್ ಕೆಳಗೆಳೆದರು. ನನ್ನ ಎದುರಿನ ಕೆಂಪು ದೀಪ ಹೋಯಿತು.

ನನಗೆ ನಗು ಬರಲಿಲ್ಲ. ಆ ಕೈಯನ್ನು ನಾನು ಎರಡನೇ ಕ್ಲಾಸಿನಿಂದ ಬಲ್ಲೆ. ಕೊನೆಗೆ ತರಗತಿ ಬಿಡುವ ಮಗು ಫ್ಯಾನು, ಲೈಟು ಆಫ್ ಮಾಡಿಯೇ ಹೋಗಬೇಕು. ಮರೆತವಳನ್ನು ಗೇಟಿನಿಂದ ವಾಪಸ್ ಕರೆಸುತ್ತಿದ್ದರು. ಬಯ್ಯುತ್ತಿರಲಿಲ್ಲ, ಸುಮ್ಮನೆ ಸ್ವಿಚ್ ತೋರಿಸುತ್ತಿದ್ದರು. ಇವತ್ತಿಗೂ ನಾನು ಮನೆ ಬಿಡುವಾಗ ಎಲ್ಲ ಸ್ವಿಚ್ಚನ್ನೂ ಮುಟ್ಟಿ ನೋಡುತ್ತೇನೆ. ಎರಡು ಸಲ ಫ್ರಿಜ್ಜನ್ನೂ ಆಫ್ ಮಾಡಿ ಹೋಗಿ ಯಜಮಾನರಿಂದ ಅನ್ನಿಸಿಕೊಂಡಿದ್ದೇನೆ. ಬೆಳಿಗ್ಗೆ ಏಳಕ್ಕೆ ಶಾಲೆಗೆಂದು ಮೇನ್ ಸ್ವಿಚ್ ಮತ್ತೆ ಹಾಕಿದಾಗ ಹೊತ್ತಿಕೊಳ್ಳುತ್ತಿದ್ದ ಕೆಂಪು ದೀಪವನ್ನೇ ಆಯಾ ಬಂದು ನೋಡುತ್ತಿದ್ದಳು. ಹಬ್ಬದ ವಾರ ಗಾಡಿ ಓಡಿದ್ದೂ ಅದಕ್ಕೇ. ಶಾಲೆಗೆ ಹಾಕಿದ್ದ ಸೀರಿಯಲ್ ಸೆಟ್ ದೀಪಗಳಿಗಾಗಿ ಆ ಒಂದು ವಾರ ಮೇನ್ ಸ್ವಿಚ್ ಮುಟ್ಟಿರಲಿಲ್ಲ.

ಹೋಗಿ ಹೇಳುವುದು ಸುಲಭವಾಗಿರಲಿಲ್ಲ. ಮದರ್ ಕಿವಿಗೆ ಬಿದ್ದರೆ ಮಂಡಿಯ ಜೊತೆಗೆ ಮರೆವೂ ಶುರುವಾಗಿದೆ ಅನ್ನುತ್ತಾರೇನೋ ಅನ್ನುವ ಭಯ. ಭಾಯಿಗೆ ಹೇಳಿ ಸದ್ದಿಲ್ಲದೆ ಬೇರೆ ಲೈನ್ ಎಳೆಸಿಬಿಡೋಣವೇ ಅಂತಲೂ ಅನ್ನಿಸಿತು. ಅಷ್ಟರಲ್ಲಿ ಅವರೇ ನನ್ನನ್ನು ನೋಡಿದರು.

"ಎಂತ, ಇನ್ನೂ ಮನೆಗೆ ಹೋಗಲಿಲ್ವಾ ನೀನು?"

"ಸಿಸ್ಟರ್, ಗಾಡಿ ಚಾರ್ಜಿಗೆ ಹಾಕಿದೆ. ಆ ಪ್ಲಗ್ ಶಾಲೆಯ ಲೈನಿನಲ್ಲಿದೆ."

ಅವರು ಸ್ವಿಚ್ ನೋಡಿದರು, ಸೈಕಲ್ ಸ್ಟ್ಯಾಂಡ್ ನೋಡಿದರು. ಕೈ ಇನ್ನೂ ಸ್ವಿಚ್ಚಿನ ಮೇಲೇ ಇತ್ತು.

"ಹಾಗಾದರೆ ಅದನ್ನು ಉಪವಾಸ ಹಾಕಿದ್ದು ನಾನೇ ಅಲ್ವಾ ಮಾರಾಯ್ತಿ" ಅಂದರು.

"ಮದರ್‌ಗೆ ಹೇಳುವುದು ಬೇಡ ಸಿಸ್ಟರ್. ಬೇರೆ ಲೈನ್ ಹಾಕಿಸುತ್ತೇವೆ."

ಮರೆತವರನ್ನು ಗೇಟಿನಿಂದ ಕರೆಸಿದಾಗ ನೋಡುತ್ತಿದ್ದ ಅದೇ ನೋಟ. "ಕುಣಿಗಲ್‌ನವನ ಮೇಲೆ ತಪ್ಪು ಕೂರ್ಲಿಕ್ಕೆ ಬಿಡುದಾ? ಆಯಾ ಮೇಲೆ?" ಅಂದವರೇ ಕೋಲು ತೆಗೆದುಕೊಂಡು ಒಳಗೆ ಹೊರಟರು. ನಾನು ಹಿಂದೆ ಹೋದೆ. ಮದರ್ ಊಟದ ಕೋಣೆಯಲ್ಲಿ ಚಪಾತಿಗೆ ಹಿಟ್ಟು ನಾದುತ್ತಿದ್ದರು.

"ಮದರ್, ಗಾಡಿ ಒಳ್ಳೆಯದುಂಟು. ದಿನಾ ಅದರ ಕರೆಂಟ್ ತೆಗ್ದದ್ದು ನಾನು. ಮಂಗಳೂರಿಗೆ ಬರೆಯುದಾದರೆ ಇದನ್ನೂ ಸೇರಿಸಿ ಬರೀರಿ."

ಮದರ್ ಕೈ ನಿಂತಿತು. ತಮ್ಮ ಹಿಟ್ಟಿನ ಕೈಯನ್ನೇ ನೋಡಿಕೊಂಡು, "ಪ್ಲಗ್ ಯಾವ ಲೈನಿನದು ಅಂತ ಇವರಿಗೆ ಹೇಳಿದ್ದು ಯಾರು?" ಅಂತ ನನ್ನನ್ನು ಕೇಳಿದರು. ಯಾರೂ ಹೇಳಿರಲಿಲ್ಲ. ಗಾಡಿಗೆ ಏರು ನೋಡಿದೆವು, ತೂಕ ನೋಡಿದೆವು. ಅದು ಹೋಗಿ ಸೇರುವ ಮನೆಯ ಪದ್ಧತಿ ನೋಡಿರಲಿಲ್ಲ. ಹಾಗೆಂದೆ. ಮದರ್ ಮತ್ತೆ ನಾದಲು ಶುರುಮಾಡಿ, "ಒಂದು ತಿಂಗಳು ನೋಡೋಣ. ಒಂದು ದಿನವೂ ನಿಲ್ಲದಿದ್ದರೆ ಬರೆಯುವುದಿಲ್ಲ" ಅಂದರು.

ಭಾಯಿ ಮಾರನೇ ದಿನವೇ ಸಿಸ್ಟರುಗಳ ಮನೆಯಿಂದ ಬೇರೆ ತಂತಿ ಎಳೆದು, ಗಾಡಿಗೆಂದೇ ಒಂದು ಸ್ವಿಚ್ ಕೂರಿಸಿದರು. ಸಿಸ್ಟರ್ ಅದರ ಕೆಳಗೆ ರಟ್ಟು ಅಂಟಿಸಿ, ಕಾಪಿ ಪುಸ್ತಕದ ದುಂಡು ಅಕ್ಷರದಲ್ಲಿ ಬರೆದರು: ಇದನ್ನು ಯಾರೂ ಆಫ್ ಮಾಡಬಾರದು. ಕೆಳಗೆ ಸಣ್ಣದಾಗಿ, ನಾನು ಸಹ. ಆ ತಿಂಗಳು ಆಯಾ ದಿನಾ ಬೆಳಿಗ್ಗೆ ನನಗೆ ಗೇಟಿನಲ್ಲೇ ಕೂಗಿ ಹೇಳುತ್ತಿದ್ದಳು, "ಹಸ್ರು ಕಣಮ್ಮ." ಗಾಡಿ ಒಂದು ದಿನವೂ ನಿಲ್ಲಲಿಲ್ಲ.

ಜೂನ್‌ನಲ್ಲಿ ಶಾಲೆ ತೆರೆದ ದಿನ ನಾನು ಬೇಗ ಹೋಗಿದ್ದೆ. ಮಳೆಗೆ ಮೊದಲಿನ ಮೋಡ, ಹೊಸ ಸಮವಸ್ತ್ರದ ಗಂಜಿ ವಾಸನೆ. ಹಸಿರು ಗಾಡಿ ಗೊಣಗುತ್ತಾ ಏರು ಹತ್ತಿ ಬಂತು. ಸಿಸ್ಟರ್ ಎರಡನೇ ಕ್ಲಾಸಿನ ಮುಂದೆ ನಿಲ್ಲಿಸಿ, ಮಕ್ಕಳನ್ನು ಇಳಿಸಿ, ಕೀ ತಿರುಗಿಸಿ ಆಫ್ ಮಾಡಿದರು. ಬಾಗಿಲವರೆಗೆ ಹೋದವರು ನಿಂತರು. ಮತ್ತೆ ಕೋಲೂರಿಕೊಂಡು ವಾಪಸ್ ಬಂದು, ಕೀ ಸರಿಯಾಗಿ ತಿರುಗಿದೆಯೇ ಅಂತ ಮುಟ್ಟಿ ನೋಡಿ, ಒಳಗೆ ಹೋದರು.